ಸುಣ್ಣ ಬಳಿದ ಸಮುದ್ರ

ರಾಮದುರ್ಗದ ಸಂತೆಯ ನಡುವೆ ನಿಂತು ಸಮುದ್ರ ಕಂಡವನು ನಾನೊಬ್ಬನೇ ಎಂದು ಈಗಲೂ ಎದೆ ತಟ್ಟಿಕೊಂಡು ಹೇಳುತ್ತೇನೆ. ಕೇಳಿದವರು ನಗುತ್ತಾರೆ. ನಗಲಿ. ಈ ಊರಿನಲ್ಲಿ ನನ್ನ ಮಾತನ್ನು ಒಂದೇ ಏಟಿಗೆ ನಂಬುವವರು ಯಾರೂ ಇಲ್ಲ. ಆ ಕೀರ್ತಿ ಗಳಿಸಲು ನಾನು ಬಹಳ ಶ್ರಮಪಟ್ಟಿದ್ದೇನೆ. ಹೈಸ್ಕೂಲಿನ ತಪಾಸಣೆಗೆ ಬಂದ ಸಾಹೇಬರ ಮೇಜಿನ ಕೆಳಗೆ ಅಯಸ್ಕಾಂತ ಹಿಡಿದು, ಅವರ ಕಣ್ಣೆದುರೇ ಗುಂಡುಪಿನ್ನುಗಳ ಮೆರವಣಿಗೆ ಹೊರಡಿಸಿದವನು ನಾನು. ಅವರು ತಪಾಸಣೆಯನ್ನು ಅರ್ಧಕ್ಕೇ ಬಿಟ್ಟು ಎಲ್ಲಮ್ಮನ ಗುಡ್ಡಕ್ಕೆ ಕೈಮುಗಿಯಲು ಹೋದರು. ವಿಜ್ಞಾನದ ಮಾಸ್ತರ ಎಂದರೆ ಹೀಗಿರಬೇಕು.

ಆದರೆ ಸಮುದ್ರ ಸುಳ್ಳಲ್ಲ. ಎಪ್ಪತ್ತರ ದಶಕದ ನಡುವೆ, ಮಲಪ್ರಭೆಯ ಅಣೆಕಟ್ಟಿನ ನೀರು ಸವದತ್ತಿಯ ಕಡೆಗೆ ಹೊಸದಾಗಿ ಮೈಚಾಚಿ ಮಲಗಲು ಕಲಿಯುತ್ತಿದ್ದ ದಿನಗಳಲ್ಲಿ, ನನಗೆ ಕಲ್ಲಿನ ಹುಚ್ಚು ಹಿಡಿಯಿತು. ಗುಡ್ಡದ ಮೇಲೆ ಒಂದು ಚಪ್ಪಡಿ ಸಿಕ್ಕಿತ್ತು. ಹೊಳೆದಂಡೆಯ ಮರಳಿನಿಂದ ನೀರು ಹಿಂದೆ ಸರಿದಾಗ ಸಣ್ಣ ಸಣ್ಣ ಮಡಿಕೆಗಳು ಉಳಿಯುತ್ತವಲ್ಲ, ಅದೇ ಮಡಿಕೆಗಳು ಆ ಚಪ್ಪಡಿಯ ತುಂಬ, ಕಲ್ಲಾಗಿ ಇದ್ದವು. ಅದರ ಮೇಲೆ ಅಂಗೈ ಊರಿಕೊಂಡು ಕೂತೆ. ಕೆಳಗೆ ಜೋಳದ ಹೊಲಗಳು ಗಾಳಿಗೆ ಬಾಗುತ್ತಿದ್ದವು, ಏಳುತ್ತಿದ್ದವು. ನೋಡುತ್ತ ನೋಡುತ್ತ ಜೋಳ ನೀರಾಯಿತು, ನಾನು ಕೂತ ಗುಡ್ಡ ದಂಡೆಯಾಯಿತು, ದನ ಕಾಯುವವನ ಕೂಗು ಎಲ್ಲೋ ಆಚೆ ದಡದಿಂದ ಬಂದಂತೆ ಕೇಳಿಸಿತು. ಅಂಗೈ ಕೆಳಗಿನ ಅಲೆ ಮಾತ್ರ ಅಲುಗಲಿಲ್ಲ. ಯಾವ ಗಾಳಿ ಅದನ್ನು ಎಬ್ಬಿಸಿತ್ತೋ, ಆ ಗಾಳಿಗೆ ಒಂದು ಹುಲ್ಲುಕಡ್ಡಿಯೂ ಗೊತ್ತಿರಲಿಲ್ಲ. ಆಗ ಭೂಮಿಯ ಮೇಲೆ ಹುಲ್ಲೇ ಹುಟ್ಟಿರಲಿಲ್ಲ.

ಇಂಥ ಹುಚ್ಚರಿಗೆಂದೇ ನಮ್ಮ ಕಡೆ ಒಂದು ಸಂಘವಿತ್ತು. ಕಾಲೇಜಿನಲ್ಲಿ ಭೂವಿಜ್ಞಾನ ಕಲಿಸುವವರು, ಬಾವಿ ತೋಡಿಸುವ ಎಂಜಿನಿಯರುಗಳು, ಗಣಿ ಇಲಾಖೆಯವರು, ಮತ್ತು ಯಾವ ಲೆಕ್ಕಕ್ಕೂ ಸೇರದ ನನ್ನಂಥವರು. ಪ್ರತಿ ಚಳಿಗಾಲ ಒಂದೊಂದು ಊರಿನಲ್ಲಿ ಸೇರಿ, ಒಂದು ದಿನ ಪ್ರಬಂಧ ಓದುವುದು, ಮರುದಿನ ಬಸ್ಸಿನಲ್ಲಿ ಕಲ್ಲು ನೋಡಲು ಹೋಗುವುದು. ಆ ವರ್ಷದ ಸಮ್ಮೇಳನವನ್ನು ರಾಮದುರ್ಗಕ್ಕೆ ಎಳೆದು ತಂದವನು ನಾನು. ಬೈಲಹೊಂಗಲದವರು ತಮಗೆ ಬೇಕೆಂದು ಹಟ ಹಿಡಿದಿದ್ದರು. ನಮ್ಮೂರಿನ ಬದನೆಕಾಯಿ ಎಣ್ಣೆಗಾಯಿಯ ಬಗ್ಗೆ ನಾನು ಮಾಡಿದ ಭಾಷಣ ಕೇಳಿ ಅವರೇ ನಮ್ಮ ಪರವಾಗಿ ಕೈಯೆತ್ತಿದರು.

ಆ ಸಲ ಇನ್ನೊಂದು ಹೊಸ ಮಾತೂ ಹುಟ್ಟಿತ್ತು. ನಮ್ಮ ನಮ್ಮಲ್ಲೇ ಓದಿಕೊಂಡರೆ ಸಾಲದು, ಜನರಿಗೂ ತಿಳಿಸಬೇಕು. ಕಲ್ಲುಗಳ ಒಂದು ಪ್ರದರ್ಶನ ಇಡಬೇಕು, ಹಳ್ಳಿಗಳಿಗೆ ಹೋಗಿ ಹೇಳಬೇಕು. ಆ ಕೆಲಸ ನನ್ನ ಕೊರಳಿಗೆ ಬಿತ್ತು. ನನ್ನದು ದೊಡ್ಡ ಕೊರಳು. ಟಾಂಗಾಕ್ಕೆ ಧ್ವನಿವರ್ಧಕ ಕಟ್ಟಿಸಿಕೊಂಡು ಸಂತೆಯ ದಿನ ಊರೆಲ್ಲ ಸುತ್ತಿದೆ.

"ಬರ್ರಿ, ಬರ್ರಿ! ನಮ್ಮ ರಾಮದುರ್ಗದಾಗ ಒಂದು ಕಾಲಕ್ಕ ಸಮುದ್ರ ಇತ್ತು! ಸಾಲಿಗೆ ಬಂದು ನೋಡ್ರಿ!"

ಒಣಮೆಣಸಿನಕಾಯಿ ಮಾರುವವನೊಬ್ಬ ಟಾಂಗಾ ತಡೆದ. "ಮಾಸ್ತರ, ಸಮುದ್ರ ಇತ್ತಂತೀರಿ. ಎಲ್ಲಿ ಹೋತ್ರಿ ಅದು?"

"ಗೋವಾಕ್ಕ ಹೋಗೇತಿ. ನಮ್ಮ ಬಿಸಲು ತಾಳಲಿಲ್ಲ."

"ಹೋಗೂ ಮುಂದ ಒಂದೀಟು ನೀರರ ಬಿಟ್ಟು ಹೋಗಬಾರದಿತ್ತೇನ್ರಿ?"

ಕುದುರೆ ಕೂಡ ನಕ್ಕಿತು. ಅವನ ಹಿಂದೆ ಕೆಂಪು ಮೆಣಸಿನಕಾಯಿಯ ರಾಶಿಗಳು ಬಿಸಿಲಲ್ಲಿ ಬೆಳಗುತ್ತಿದ್ದವು. ನನ್ನ ಕಣ್ಣಿಗೆ ಅವು ಸಂಜೆಯ ನೀರಿನ ಮೇಲಿನ ಹವಳದ ದಿಬ್ಬಗಳಂತೆ ತೇಲಿದವು. ಸಂತೆಯ ನಡುವೆ ಸಮುದ್ರ ಕಂಡೆ ಎಂದೆನಲ್ಲ, ಅದು ಆವಾಗ.

ಈಗ ನಮ್ಮ ಬಾಯಾರ ಬಗ್ಗೆ ಹೇಳಬೇಕು; ಕಲಿಸುವ ಹೆಣ್ಣುಮಕ್ಕಳನ್ನು ನಮ್ಮ ಕಡೆ ಬಾಯಾರು ಎಂದೇ ಕರೆಯುವುದು. ಅವರು ಸವದತ್ತಿಯ ಹೆಣ್ಣುಮಗಳು, ಧಾರವಾಡದ ಒಂದು ಕಾಲೇಜಿನಲ್ಲಿ ಭೂವಿಜ್ಞಾನ ಕಲಿಸುತ್ತಿದ್ದರು. ಸಂಘದಲ್ಲಿ ಅವರೊಬ್ಬರೇ ಹೆಂಗಸು. ಉದ್ದ ಜಡೆ, ಹೆಗಲಿಗೆ ಚೀಲ, ಕಾಲಿಗೆ ಗಂಡಸರ ಬೂಟು. ಎಷ್ಟೋ ಬೇಸಿಗೆಗಳನ್ನು ಅವರು ರಾಮದುರ್ಗದ ಸುತ್ತಿನ ಹಳ್ಳಕೊಳ್ಳಗಳಲ್ಲಿ ನಡೆದು ಕಳೆದಿದ್ದರು. ಊರಿಂದ ಸ್ವಲ್ಪ ದೂರದ ಒಂದು ಹಳ್ಳಿಯಲ್ಲಿ, ಹೊಲದ ಅಂಚಿಗೆ, ಹಳ್ಳದ ದಂಡೆಯ ಮೇಲೆ, ಮನೆಯ ಗೋಡೆಯಂತೆ ನೆಟ್ಟಗೆ ನಿಂತ ಒಂದು ಸುಣ್ಣದ ಕಲ್ಲು ಅವರಿಗೆ ಸಿಕ್ಕಿತ್ತು. ಅದರ ಮೈಯಲ್ಲಿ ಬೋರಲು ಹಾಕಿದ ಬುಟ್ಟಿಗಳ ಹಾಗೆ ಗುಬುಟು ಗುಬುಟು ಆಕಾರಗಳು, ಪ್ರತಿ ಗುಬುಟಿನಲ್ಲೂ ಒಂದರ ಮೇಲೊಂದು ತೆಳ್ಳಗಿನ ಪದರಗಳು. ವಿಜ್ಞಾನಿಗಳು ಇಂಥದಕ್ಕೆ ಸ್ಟ್ರೊಮ್ಯಾಟೊಲೈಟ್ ಅನ್ನುತ್ತಾರೆ. ಈಗ ನನ್ನ ಬಾಯಲ್ಲಿ ಆ ಹೆಸರನ್ನು ತಡೆದು ಹಿಡಿಯುವಷ್ಟು ಹಲ್ಲುಗಳಿಲ್ಲ. ಆಳವಿಲ್ಲದ ಸಮುದ್ರದಲ್ಲಿ ಪಾಚಿ ಬೆಳೆದು, ತೇಲಿ ಬಂದ ಕೆಸರನ್ನು ಹಿಡಿದಿಟ್ಟುಕೊಂಡು, ಮುಚ್ಚಿಹೋದಂತೆಲ್ಲ ಮತ್ತೆ ಮೇಲೆದ್ದು, ಹೀಗೆ ಕಟ್ಟಿಕೊಂಡ ಮನೆ ಅದು, ನಮ್ಮ ಸೀಮೆಯಲ್ಲಿ ಜೀವ ಬಿಟ್ಟುಹೋದ ಎಲ್ಲಕ್ಕಿಂತ ಹಳೆಯ ಹೆಜ್ಜೆ ಅದು, ಎನ್ನುವುದು ಬಾಯಾರ ವಾದ.

"ಅದು ಬರೇ ಕೆಸರಿನ ಗಂಟು ಅಂತ ಯಾಕ ಅನ್ನಬಾರದ್ರಿ?" ಎಂದು ನಾನು ಒಮ್ಮೆ ಕೆಣಕಿದ್ದೆ.

"ಕೆಸರು ತಗ್ಗಿಗೆ ಜಾರತದ, ಮಾಸ್ತರ. ಜೀವ ಇದ್ದದ್ದು ಬೆಳಕಿಗೆ ಏರತದ," ಎಂದಿದ್ದರು ಬಾಯಾರು. "ಬರೇ ಕೆಸರಾಗಿದ್ರ ಪದರು ಬುಡಕ್ಕ ದಪ್ಪ ಇರಬೇಕು, ನೆತ್ತಿ ಮ್ಯಾಲೆ ತೆಳ್ಳಗ. ಇಲ್ಲಿ ನೆತ್ತಿ ಮ್ಯಾಲೇ ದಪ್ಪ ಅದ. ಬಿಸಲಿನ ಕಡೆ ಮಾರಿ ಎತ್ತಿ ಬೆಳದಾವ ಇವು."

ಆ ಮಾತು ಹೇಳುವಾಗ ಅವರ ಮುಖವೂ ಮೇಲಕ್ಕೆ ಎತ್ತಿಕೊಂಡಿತ್ತು. ಕೆಣಕುವುದನ್ನು ಬಿಟ್ಟು ನಾನೂ ಅವರ ಜೊತೆ ಮೇಲೆ ನೋಡಿದೆ. ಇದು ನನ್ನ ಜನ್ಮದಲ್ಲಿ ಅಪರೂಪ.

ಸಮ್ಮೇಳನಕ್ಕೆ ಮುಂಚೆ ನಾವಿಬ್ಬರೂ ಆ ಹಳ್ಳಿಗೆ ಹೋದೆವು. ಹೊಲದ ಒಡತಿ ಒಬ್ಬ ವಯಸ್ಸಾದ ಗೌಡಸಾನಿ. ಹಣೆತುಂಬ ವಿಭೂತಿ, ಕೈತುಂಬ ಹಸಿರು ಬಳೆ, ಮಾತು ಶುರುವಾದರೆ ಹೊಳೆಗೆ ಮಹಾಪೂರ. ಬಾಯಾರು ಮೆಲ್ಲಗೆ, ಆ ಕಲ್ಲನ್ನು ಯಾರೂ ಒಡೆಯದ ಹಾಗೆ ನೋಡಿಕೊಳ್ಳಿ, ಸಮ್ಮೇಳನದ ಮರುದಿನ ನಾವೆಲ್ಲ ಬರುತ್ತೇವೆ ಎಂದಷ್ಟೇ ಹೇಳಿದರು. ಅಷ್ಟು ಸಪ್ಪಗೆ ಹೇಳಿದರೆ ಜನರಿಗೆ ತಿಳಿಯುತ್ತದೆಯೇ? ನಾನು ಎದ್ದು ನಿಂತೆ.

"ಗೌಡಸಾನೇರ, ಇದು ಬರೇ ಕಲ್ಲಲ್ಲ. ಹಿರಿಯಾ! ಹುಲ್ಲು ಹುಟ್ಟೂಕಿಂತ ಮೊದಲ, ಮೀನ ಹುಟ್ಟೂಕಿಂತ ಮೊದಲ, ಇಲ್ಲಿ ಸಮುದ್ರದಾಗ ಜೀವ ಹಿಡಕೊಂಡು ಕುಂತಾಂವ ಇಂವ. ಇವನ ಮಾರಿ ನೋಡಾಕ ಊರೂರಿನ ದೊಡ್ಡ ಮಂದಿ ಬರಾಕ ಹತ್ಯಾರ!"

ಗೌಡಸಾನಿ ಗಲ್ಲದ ಮೇಲೆ ಕೈಯಿಟ್ಟುಕೊಂಡರು. "ಅಯ್ಯ ನಮ್ಮವ್ವ! ನಮ್ಮ ಹೊಲದಾಗ ಕುಂತಾನ, ನಾವು ಒಂದ ದಿನ ಏನಪಾ ಹೆಂಗದಿ ಅಂತ ಕೇಳಿಲ್ಲಲ್ಲ! ಮಾಸ್ತರ, ನೀವು ಬರೇ ಬರ್ರಿ. ನಾವು ನೋಡಕೋತೇವಿ."

ದಾರಿಯಲ್ಲಿ ಬಾಯಾರು, "ಅಷ್ಟೆಲ್ಲಾ ಯಾಕ ಹೇಳಲಿಕ್ಕೆ ಹೋದ್ರಿ?" ಎಂದರು.

"ಜನರಿಗೆ ತಿಳಿಯೂಹಂಗ ಹೇಳೂದಂದ್ರ ಇದ, ಬಾಯಾರ. ನಿಮ್ಮ ಕಾಲೇಜಿನಾಗ ಕಲಸೂದಿಲ್ಲ ಇದನ್ನ," ಎಂದೆ. ಈಗಲೂ ಅದರಲ್ಲಿ ಒಂದು ಅಕ್ಷರ ಹಿಂದಕ್ಕೆ ತೆಗೆದುಕೊಳ್ಳಲಾರೆ.

ಪ್ರದರ್ಶನ ಶಾಲೆಯ ದೊಡ್ಡ ಕೋಣೆಯಲ್ಲಿ ನಡೆಯಿತು. ಬೆಂಚುಗಳ ಮೇಲೆ ಬಿಳಿ ಬಟ್ಟೆ, ಬಟ್ಟೆಯ ಮೇಲೆ ಕಲ್ಲು. ಅಷ್ಟು ಕಲ್ಲುಗಳ ನಡುವೆ ನಾನು ಒಂದು ಒಳ್ಳೆಯ ಕಪ್ಪು ಬೆಲ್ಲದ ಹೆಂಟೆಯನ್ನೂ ಇಟ್ಟು, ಉದ್ದದ ಒಂದು ಹೆಸರು ಬರೆದು, ಕೆಳಗೆ 'ಬಹಳ ಅಪರೂಪ' ಎಂದು ಸೇರಿಸಿದ್ದೆ. ಬಾವಿಗಳ ಎಂಜಿನಿಯರ್ ಒಬ್ಬರು ಮಸೂರ ಹಿಡಿದು ಅದನ್ನು ಬಹಳ ಹೊತ್ತು ನೋಡಿದರು. ಜ್ವಾಲಾಮುಖಿಯ ಗುರುತುಗಳನ್ನು ಸುತ್ತ ನಿಂತವರಿಗೆ ವಿವರಿಸಿದರು. ಕಲ್ಲಿನವರಿಗೆ ಸಂಶಯ ಬಂದರೆ ನಾಲಗೆ ತಾಗಿಸಿ ನೋಡುವ ಚಟವಿದೆ. ಅವರೂ ತಾಗಿಸಿದರು. ಆಮೇಲೆ ಯಾರಿಗೂ ಏನೂ ಹೇಳದೆ, ಒಂದು ಚೂರು ಮುರಿದು ಜೇಬಿಗೆ ಹಾಕಿಕೊಂಡು ಮುಂದಿನ ಬೆಂಚಿಗೆ ಹೋದರು. ಊಟದ ಹೊತ್ತಿಗೆ ಇರುವೆಗಳು ಬಂದು ನನ್ನ ಗುಟ್ಟನ್ನು ಊರಿಗೆಲ್ಲ ಸಾರಿದವು.

ಸಂಘದ ಅಧ್ಯಕ್ಷರು ನನ್ನನ್ನು ಕರೆದರು. ನಿವೃತ್ತ ಪ್ರೊಫೆಸರು ಅವರು. ಕಚ್ಚೆಪಂಚೆ, ಕರಿ ಕೋಟು, ಎರಡು ಹುಬ್ಬುಗಳ ಬದಲು ಒಂದೇ ಉದ್ದ ಹುಬ್ಬು. ಸಂಘದ ವಾರ್ಷಿಕ ಸಂಪುಟದಲ್ಲಿ ಏನು ಅಚ್ಚಾಗಬೇಕು, ಏನು ಆಗಬಾರದು ಎನ್ನುವುದೆಲ್ಲ ಅವರ ಕೈಯಲ್ಲಿತ್ತು.

"ಮಾಸ್ತರ, ಇವತ್ತಿಂದು ನಕ್ಕು ಬಿಟ್ಟೆ. ನಾಳೆ ಕಲ್ಲಿನ ಮುಂದ ಇಂಥಾ ಆಟ ನಡಿಯೂದಿಲ್ಲ."

"ಛೇ ಛೇ, ಸರ್. ಕಲ್ಲಿನ ಮುಂದ ನಾ ದೇವರಂಥಾ ಮನಶ್ಯಾ."

ಮಧ್ಯಾಹ್ನ ಬಾಯಾರು ಪ್ರಬಂಧ ಓದಿದರು. ಕೈಯಲ್ಲಿ ಬರೆದ ಚಿತ್ರಗಳನ್ನು ಕರಿಹಲಗೆಗೆ ಅಂಟಿಸಿ, ಕೋಲಿನಿಂದ ತೋರಿಸಿ, ನೆತ್ತಿಯ ಮೇಲೆ ದಪ್ಪವಾಗುವ ಪದರಗಳ ಮಾತಿಗೆ ಬಂದರು. ಫೋಟೋಗಳೂ ಇದ್ದವು, ಆದರೆ ಕಪ್ಪಗಿನ ಕಲ್ಲಿನ ಕಪ್ಪಗಿನ ಫೋಟೋ; ಅದರಲ್ಲಿ ಏನು ಬೇಕಾದರೂ ಕಾಣಬಹುದಿತ್ತು. ಅಧ್ಯಕ್ಷರು ಫೋಟೋ ಎತ್ತಿ ಕಿಟಕಿಯ ಬೆಳಕಿಗೆ ಹಿಡಿದರು.

"ತಂಗಿ, ಫೋಟೋದಾಗ ನೆರಳೂ ಗೆರಿ ಆಗತದ. ನನ್ನ ಕಣ್ಣಿಗೆ ಇದು ಕೆಸರಿನ ಗಂಟು. ನಮ್ಮ ಪದ್ಧತಿ ನಿಮಗ ಗೊತ್ತದ."

ಪದ್ಧತಿ ಎಲ್ಲರಿಗೂ ಗೊತ್ತಿತ್ತು. ನಮ್ಮ ಸಂಘದಲ್ಲಿ ಸಭೆಯಲ್ಲಿ ಜಗಳ ಬಗೆಹರಿಯದಿದ್ದರೆ ಅದು ಮರುದಿನ ಕಲ್ಲಿನ ಮುಂದೆ ಬಗೆಹರಿಯಬೇಕು. ಅಲ್ಲಿ ಕಾಗದವಿಲ್ಲ, ಚಿತ್ರವಿಲ್ಲ, ಕೋಲಿಲ್ಲ. ವಾದ ಹೂಡಿದವರು ಬರಿಗೈಯಲ್ಲಿ ನಿಂತು, ಹೇಳಿದ್ದನ್ನು ಬೆರಳಿಟ್ಟು ತೋರಿಸಬೇಕು. ಬೆರಳಿಗೆ ಸಿಕ್ಕಿದ್ದು ಅಚ್ಚಾಗುತ್ತದೆ, ಸಿಗದ್ದು ಮನೆಗೆ ಹೋಗುತ್ತದೆ. ಎಂಥೆಂಥ ಮೀಸೆಯವರು ಕಲ್ಲಿನ ಮುಂದೆ ಬೆರಳು ಎಲ್ಲಿಡುವುದೆಂದು ತಿಳಿಯದೆ ಬೆವತದ್ದನ್ನು ನಾನು ನೋಡಿದ್ದೇನೆ.

ಸಭೆ ಮುಗಿದ ಮೇಲೆ ಬಾಯಾರು ಶಾಲೆಯ ನಲ್ಲಿಯ ಹತ್ತಿರ ಮುಖ ತೊಳೆಯುತ್ತಿದ್ದರು. ನಾನು ಧೈರ್ಯ ಹೇಳಲು ಹೋದೆ.

"ನಾಳೆ ಆಗಲಿಲ್ಲಂದ್ರ ನಾ ಕಲ್ಲಿನ ಕೆಲಸ ಬಿಡತೇನಿ, ಮಾಸ್ತರ," ಎಂದರು, ಒದ್ದೆ ಮುಖವನ್ನು ಸೆರಗಿಗೆ ಒರಸಿಕೊಳ್ಳುತ್ತ. "ಇದು ಅಚ್ಚಾದ್ರ ತಿರಗಾಡಲಿಕ್ಕೆ ಸೂಟಿ ಕೊಡತೇವಿ ಅಂತ ಕಾಲೇಜಿನವರು ಒಪ್ಯಾರ. ಇಲ್ಲಂದ್ರ ಕ್ಲಾಸಿನಾಗ ಕುಂತು ನಕಾಶಿ ಕಲಸ್ರಿ, ಹೆಣಮಕ್ಕಳಿಗೆ ಹಳ್ಳಕೊಳ್ಳ ಯಾಕ ಅಂತಾರ."

"ಬ್ಯಾರೆ ಕಲ್ಲು ಇಲ್ಲೇನ್ರಿ ತೋರಸಾಕ?"

"ಒಂದೆರಡು ಹಾಳುಬಾವಿಯೊಳಗ ಅವ, ಒಂದೆರಡು ಮುಳ್ಳುಕಂಟಿಯೊಳಗ. ಮಾರಿ ಕಾಣೂಹಂಗ ನಿಂತದ್ದು ಅದೊಂದ."

ಮರುದಿನ ಬಸ್ಸು ಹೊರಟಾಗ ಚಳಿಗಾಲದ ಎಳೆಬಿಸಿಲು. ರಸ್ತೆಯ ಎರಡೂ ಬದಿ ಕಡಲೆ, ಕುಸುಬೆ, ತೆನೆ ಹೊತ್ತ ಬಿಳಿಜೋಳ. ಹಿಂದಿನ ದಿನ ಉಂಡ ಸಿಹಿ ಮಾದಲಿಯ ಮಬ್ಬು ಇನ್ನೂ ಇಳಿಯದ ವಿದ್ವಾಂಸರು ಒಬ್ಬರ ಭುಜಕ್ಕೊಬ್ಬರು ಒರಗಿ ತೂಕಡಿಸುತ್ತಿದ್ದರು. ಬಸ್ಸು ಮೆಲ್ಲಗೆ ಏರುತ್ತಿತ್ತು, ಇಳಿಯುತ್ತಿತ್ತು. ಕಿಟಕಿಯಾಚೆ ಎರೆಹೊಲಗಳು ಉಬ್ಬುತ್ತ ತಗ್ಗುತ್ತ ಬಂದವು. ನನಗೂ ಕಣ್ಣೆಳೆಯಿತು. ನಾವೆಲ್ಲ ಒಂದು ದೊಡ್ಡ ದೋಣಿಯಲ್ಲಿ ಕೂತಿದ್ದೇವೆ, ಕೆಳಗೆ ತಿಳಿನೀರು, ನೀರಿನ ಕೆಳಗೆ ಹಸಿರು ಗುಬುಟುಗಳು ಬಿಸಿಲಿಗೆ ಮುಖವೆತ್ತಿ ಉಸಿರಾಡುತ್ತಿವೆ, ಒಂದೊಂದು ಉಸಿರಿಗೆ ಒಂದೊಂದು ಗುಳ್ಳೆ ಮೇಲೆ ಬಂದು ಒಡೆಯುತ್ತಿದೆ ಎನ್ನಿಸಿತು. ಯಾವ ಸದ್ದೂ ಇಲ್ಲ. ಸದ್ದು ಮಾಡುವಂಥದು ಇನ್ನೂ ಯಾವುದೂ ಹುಟ್ಟಿಲ್ಲ. ಅಷ್ಟು ದೊಡ್ಡ ಮೌನದಲ್ಲಿ ನನ್ನಂಥವನು ಹುಟ್ಟಿದ್ದರೆ ಬಾಯಿ ಒಡೆದು ಸಾಯುತ್ತಿದ್ದೆನೇನೋ. ಎದುರಿನ ಸೀಟಿನಲ್ಲಿ ಬಾಯಾರು ಮಾತ್ರ ಎಚ್ಚರವಾಗಿದ್ದರು. ಬಲಗೈಯ ತೋರುಬೆರಳನ್ನು ಎಡಗೈಯಲ್ಲಿ ಹಿಡಿದುಕೊಂಡಿದ್ದರು, ಪರೀಕ್ಷೆಗೆ ಹೋಗುವವರು ಪೆನ್ನು ಹಿಡಿದುಕೊಳ್ಳುವ ಹಾಗೆ.

ಬಸ್ಸು ನಿಂತಿತು. ಹೊಲದ ಬದುವಿನ ಮೇಲೆ ಸಾಲಾಗಿ ನಡೆದೆವು. ಹಳ್ಳದ ತಿರುವು ದಾಟಿದ್ದೇ ಮುಂದಿದ್ದವರೆಲ್ಲ ಒಬ್ಬರಿಗೊಬ್ಬರು ಡಿಕ್ಕಿ ಹೊಡೆದು ನಿಂತರು.

ಕಲ್ಲು ಬೆಳ್ಳಗಿತ್ತು. ಮದುವೆಮನೆಯ ಗೋಡೆಯ ಹಾಗೆ, ತಲೆಯಿಂದ ಬುಡದವರೆಗೆ, ಸುಣ್ಣ ಬಳಿದುಕೊಂಡು ಹೊಳೆಯುತ್ತಿತ್ತು. ಕೆಳಗೆ ಕೆಮ್ಮಣ್ಣಿನ ದಪ್ಪ ಪಟ್ಟಿ. ಮೇಲೆ ಮಾವಿನೆಲೆಯ ತೋರಣ. ಮುಂದಿನ ನೆಲವನ್ನು ಸೆಗಣಿಯಿಂದ ಸಾರಿಸಿ ರಂಗೋಲಿ ಹಾಕಿದ್ದರು. ಸಾಲದ್ದಕ್ಕೆ ಬಿಳಿಮೈಯ ತುಂಬ ಕೆಮ್ಮಣ್ಣಿನಲ್ಲಿ ಮೀನುಗಳು: ದೊಡ್ಡ ಮೀನು, ಸಣ್ಣ ಮೀನು, ಮೀಸೆಯಿರುವ ಒಂದು ಮೀನು, ಅದರ ಪಕ್ಕ ಒಂದು ದೋಣಿ. ಬಾಯಾರ ಪದರಗಳು, ಗುಬುಟುಗಳು, ನೆತ್ತಿ, ಬುಡ ಎಲ್ಲ ಆ ಸುಣ್ಣದ ಕೆಳಗೆ ಹೋಗಿದ್ದವು.

ನಮ್ಮ ಕಡೆ ಹೀಗೆಯೇ. ಮನೆಗೆ ದೊಡ್ಡವರು ಬರುತ್ತಾರೆಂದರೆ ಗೋಡೆಗೆ ಸುಣ್ಣ, ನೆಲಕ್ಕೆ ಸೆಗಣಿ, ಬಾಗಿಲಿಗೆ ಕೆಮ್ಮಣ್ಣು. ನೂರಾರು ಕಣ್ಣು ನೋಡಲು ಬರುವಾಗ ಹಿರಿಯನೊಬ್ಬನನ್ನು ಕೊಳಕು ಮೈಯಲ್ಲಿ ಕೂಡಿಸುವುದುಂಟೇ? ಗೌಡಸಾನಿ ಹೊಸ ಸೀರೆ ಉಟ್ಟು, ಸೊಸೆಯರನ್ನು ಹಿಂದೆ ನಿಲ್ಲಿಸಿಕೊಂಡು, ಕೈಮುಗಿದು ನಗುತ್ತಿದ್ದರು.

ಆದರೆ ನೆರೆದವರು ಯಾರೂ ಅವರನ್ನು ನೋಡಲಿಲ್ಲ. ಎಲ್ಲರೂ ತಿರುಗಿ ನನ್ನನ್ನು ನೋಡಿದರು.

"ಮಾಸ್ತರ," ಎಂದರು ಅಧ್ಯಕ್ಷರು, ಒಂದೇ ಹುಬ್ಬನ್ನು ಮೇಲಕ್ಕೆ ಎತ್ತಿ, "ನಿನ್ನೆ ಬೆಲ್ಲ. ಇವತ್ತ ಇದು."

"ನನ್ನ ಆಣಿ ಸರ್, ಇದು ನಂದಲ್ಲ!"

ಬೆಲ್ಲದ ಎಂಜಿನಿಯರ್ ಸೇಡು ತೀರಿಸಿಕೊಂಡರು. "ಮೀಸಿ ಮೀನ ನೋಡ್ರಿ. ಥೇಟ್ ಮಾಸ್ತರಂಗ ಐತಿ."

ಎಂಥ ಅನ್ಯಾಯ! ನನ್ನ ಜೀವಮಾನದಲ್ಲಿ ನಾನು ಮಾಡದ ಚೇಷ್ಟೆ ಅದೊಂದೇ. ಅಷ್ಟು ಒಳ್ಳೆಯ ಚೇಷ್ಟೆಯನ್ನು ನಾನು ಮಾಡಿದ್ದರೆ ಒಪ್ಪಿಕೊಳ್ಳದೆ ಬಿಡುತ್ತಿದ್ದೆನೇ?

ಬಾಯಾರು ನನ್ನ ಕಡೆ ಒಮ್ಮೆ ನೋಡಿದರು. ಆ ನೋಟದ ಮುಂದೆ ಅಧ್ಯಕ್ಷರ ಹುಬ್ಬೂ ಏನಲ್ಲ, ಯಾರ ಬೈಗುಳವೂ ಏನಲ್ಲ. ಆಮೇಲೆ ಕಲ್ಲಿನ ಹತ್ತಿರ ಹೋಗಿ ತೋರುಬೆರಳನ್ನು ಸುಣ್ಣದ ಮೇಲಿಟ್ಟರು. ಎಲ್ಲಿಡಬೇಕೆಂದು ಅವರಿಗೆ ಗೊತ್ತಿತ್ತು, ಎಷ್ಟೋ ಬೇಸಿಗೆ ಅದೇ ಜಾಗ ಸವರಿದ ಬೆರಳು ಅದು. ಬೆರಳ ಕೆಳಗೆ ಬರೀ ಬಿಳುಪು.

ಅಧ್ಯಕ್ಷರು ಕೋಟಿನ ಗುಂಡಿ ಹಾಕಿಕೊಂಡರು. "ತಂಗಿ, ನಿಮ್ಮ ತಪ್ಪಲ್ಲ ಬಿಡ್ರಿ. ಆದರ ಕಾಣದ್ದನ್ನ ನಾ ಅಚ್ಚು ಮಾಡಸಲಿಕ್ಕೆ ಬರೂದಿಲ್ಲ. ಮಧ್ಯಾಹ್ನ ಸಮಾರೋಪ ಅದ, ಹೋಗೂಣ್ರಿ."

ಆಗ ಗೌಡಸಾನಿಗೆ ಏನೋ ಸರಿಯಿಲ್ಲ ಎನ್ನುವುದು ತಿಳಿಯಿತು. ಅವರ ನಗು ಅಲ್ಲೇ ನಿಂತುಬಿಟ್ಟಿತು. "ಯಾಕ್ರೀ ಮಾಸ್ತರ? ಚಂದ ಆಗಿಲ್ಲೇನು? ನಸುಕಿನಾಗ ಎದ್ದು ಸೊಸಿಗೋಳು, ನಾನು ಕೂಡೇ ಬಳದೇವಿ. ಮೀನ ನಮ್ಮ ಸಣ್ಣ ಸೊಸಿ ತಗದಾಳ. ಸಮುದ್ರ ಇತ್ತಂದ್ರೆಲ್ಲ ನೀವು?"

ಬಾಯಾರು ತಿರುಗಿ ಆ ಹಿರಿಯ ಹೆಂಗಸಿನ ಮುಖ ನೋಡಿದರು. ಹಾಳಾಯಿತು ಎಂಬ ಮಾತು ಅವರ ತುಟಿಯ ತನಕ ಬಂದದ್ದು ನನಗೆ ಕಂಡಿತು. ಅವರು ಅದನ್ನು ನುಂಗಿದರು.

"ಭಾಳ ಚಂದ ಆಗೇದ್ರಿ ಅವ್ವಾರ," ಎಂದರು. "ಸ್ವಲ್ಪ ನೀರು ಕೊಡತೀರೇನು? ಒಂದು ಗೋಣಿತಟ್ಟೂ ಬೇಕಾಗಿತ್ತು."

ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ, ತಟ್ಟನ್ನು ಕೊಡದ ನೀರಿನಲ್ಲಿ ಅದ್ದಿ ಒರಸತೊಡಗಿದರು. ಸುಣ್ಣ ಇನ್ನೂ ಹಸಿಯಿತ್ತು. ಮೊದಲು ಎಲ್ಲ ಹಾಲಿನಂತೆ ಕಲಸಿಕೊಂಡಿತು, ದೋಣಿ ಕರಗಿತು, ಕೆಮ್ಮಣ್ಣು ಇಳಿದು ಬಾಯಾರ ಮೊಣಕೈವರೆಗೆ ಕೆಂಪಾಯಿತು. ಯಾರೋ "ವ್ಯರ್ಥ" ಎಂದರು. ಕೆಲವರು ಬಸ್ಸಿನ ಕಡೆ ತಿರುಗಿದರು. ಅವರು ತಟ್ಟು ಹಿಂಡಿ ಮತ್ತೆ ಒರಸಿದರು, ಈ ಸಲ ಸಿಟ್ಟಿನಿಂದ, ಒಂದೇ ಜಾಗವನ್ನು, ಮತ್ತೆ ಮತ್ತೆ.

ಥಟ್ಟನೆ ಅವರ ಕೈ ನಿಂತಿತು.

ಆ ಕಲ್ಲು ಬಿಸಿಲು ಮಳೆ ತಿಂದು ತಿಂದು ಸವೆದಿತ್ತಲ್ಲ, ಅದರ ಗಟ್ಟಿ ಪದರಗಳು ಕೂದಲೆಳೆಯಷ್ಟು ಉಬ್ಬಿದ್ದವು, ಮೆತ್ತನೆಯ ಪದರಗಳು ಅಷ್ಟೇ ತಗ್ಗಿದ್ದವು. ತಟ್ಟು ಉಬ್ಬಿನ ಸುಣ್ಣವನ್ನು ಒರಸಿ ತೆಗೆದಿತ್ತು. ತಗ್ಗಿನ ಸುಣ್ಣ ತಗ್ಗಿನಲ್ಲೇ ಉಳಿದಿತ್ತು. ಕಪ್ಪು ಕಲ್ಲಿನ ಮೇಲೆ ಬಿಳಿ ಗೆರೆಗಳು ಎದ್ದುಬಂದವು. ಒಂದರ ಮೇಲೊಂದು, ಒಂದರ ಮೇಲೊಂದು, ಕಮಾನು ಕಮಾನಾಗಿ, ಉಳ್ಳಾಗಡ್ಡಿಯನ್ನು ಹೋಳು ಮಾಡಿದರೆ ಕಾಣುವ ಹಾಗೆ. ಎಷ್ಟೋ ಸಲ ಆ ಕಲ್ಲಿನ ಮುಂದೆ ನಿಂತಿದ್ದ ನಾನೇ ಅಷ್ಟು ಸ್ಪಷ್ಟವಾಗಿ ಅದನ್ನು ಎಂದೂ ಕಂಡಿರಲಿಲ್ಲ. ಬಾಯಾರೂ ಕಂಡಿರಲಿಲ್ಲ, ಅದು ಅವರ ಬೆನ್ನು ನೋಡಿಯೇ ನನಗೆ ತಿಳಿಯಿತು.

"ಸರ್," ಎಂದರು. ತಿರುಗಲಿಲ್ಲ. "ಬರ್ರಿ. ಬೆರಳು ಇಡತೇನಿ."

ಅಧ್ಯಕ್ಷರು ಬಂದರು. ಬಾಯಾರು ಬೆರಳನ್ನು ಒಂದು ಕಮಾನಿನ ಬುಡದಲ್ಲಿಟ್ಟು, ಎರಡು ಬಿಳಿ ಗೆರೆಗಳ ನಡುವೆ, ಮೆಲ್ಲಗೆ ಮೇಲಕ್ಕೆ ಎಳೆದರು. ಬುಡದಲ್ಲಿ ಉಗುರಿನ ತುದಿಯೂ ಹಿಡಿಸದಷ್ಟು ಸಂದು. ಏರುತ್ತ ಏರುತ್ತ ಸಂದು ಅಗಲವಾಯಿತು. ನೆತ್ತಿಯ ಮೇಲೆ ಬೆರಳು ಪೂರ್ತಿ ಮಲಗಿತು.

ಮುದುಕರು ಕನ್ನಡಕ ತೆಗೆದರು, ಒರಸಿದರು, ಮತ್ತೆ ಹಾಕಿದರು. ತಮ್ಮ ಬೆರಳನ್ನೂ ಹಾಗೆಯೇ ಎಳೆದು ನೋಡಿದರು. ಪಕ್ಕದ ಕಮಾನಿಗೆ ಹೋದರು. ಮತ್ತೆ ಎಳೆದರು.

"ನೆತ್ತಿ ಮ್ಯಾಲೇ ದಪ್ಪ ಅದ," ಎಂದರು, ಯಾರಿಗೂ ಅಲ್ಲ, ಕಲ್ಲಿಗೆ. ಆಮೇಲೆ ಗಟ್ಟಿಯಾಗಿ, "ಏ, ಸುಮ್ಮನ ನಿಂತೀರೇನು? ಉಳದದ್ದೂ ಒರಸ್ರಿ!"

ಸಮ್ಮೇಳನಕ್ಕೆ ಸಮ್ಮೇಳನವೇ ಒರಸಲು ನಿಂತಿತು. ಗೋಣಿತಟ್ಟು ಮುಗಿದ ಮೇಲೆ ಟವೆಲ್ಲು, ಕರವಸ್ತ್ರ. ಎಂಜಿನಿಯರ್ ಒಬ್ಬರು ಟೈ ಬಿಚ್ಚಿ ಒದ್ದೆ ಮಾಡಿದರು. ಒರಸಿದಲ್ಲೆಲ್ಲ ಹೊಸ ಕಮಾನು, ಹೊಸ ನೆತ್ತಿ. ಇಡೀ ಗೋಡೆ ಮೆಲ್ಲಗೆ ಉಸಿರು ತೆಗೆದುಕೊಂಡಂತೆ ಕಂಡಿತು. ಬಿಳಿ ಗೆರೆಗಳು ಬುಡದಿಂದೆದ್ದು ಬಿಸಿಲಿನ ಕಡೆಗೆ ಹೊರಟ ಹಾಗೆ, ನಡುವೆ ಎಲ್ಲೋ ನಮ್ಮನ್ನು ನೋಡಿ ಒಂದು ಕ್ಷಣ ತಡೆದ ಹಾಗೆ.

ಗೌಡಸಾನಿ ಅಡ್ಡ ಬಂದರು. "ಎಲ್ಲಾ ಒರಸ್ರಿ, ಆದ್ರ ಮೀಸಿ ಮೀನಾ ಬಿಡ್ರಿ. ಸಣ್ಣ ಸೊಸಿ ಅಳತಾಳ."

"ಇರಲಿ, ಇರಲಿ," ಎಂದರು ಅಧ್ಯಕ್ಷರು. "ಮೀನ ಹುಟ್ಟೂಕಿಂತ ಮೊದಲಿನ ಕಲ್ಲಿನ ಮ್ಯಾಲೆ ಒಂದರ ಮೀನ ಇರಲಿ. ಅದಕ್ಕೂ ಕನಸು ಬಿದ್ದಿರಬೇಕು."

ಅಂಥ ಮಾತು ಅವರ ಬಾಯಿಂದ ಬಂದದ್ದು ಅದೇ ಮೊದಲು, ಅದೇ ಕೊನೆ.

ಫೋಟೋ ತೆಗೆಯುವ ಹೊತ್ತು ಬಂತು. ಕಲ್ಲಿನ ಫೋಟೋದಲ್ಲಿ ಅಳತೆಗೆ ಒಂದು ಸುತ್ತಿಗೆ ಒರಗಿಸಿಡುವುದು ವಾಡಿಕೆ. ಸುತ್ತಿಗೆ ಹೊರಬಂದದ್ದೇ ಗೌಡಸಾನಿ ಕಲ್ಲಿಗೆ ಬೆನ್ನು ಕೊಟ್ಟು ನಿಂತರು.

"ಸುತ್ತಗಿ ಹಚ್ಚಿದ್ರ ನೋಡ್ರಿ ಮತ್ತ! ಹಿರಿಯಾ ಅಂದವರು ನೀವ, ತಲಿ ಒಡಿಯಾಕ ಬಂದವರೂ ನೀವ?"

"ಒಡಿಯೂದಿಲ್ರಿ ಅವ್ವಾರ, ಎಷ್ಟು ದೊಡ್ಡದು ಅಂತ ತಿಳೀಲಿಕ್ಕೆ ಇಡೂದು," ಎಂದರು ಬಾಯಾರು.

"ಅಷ್ಟಕ್ಕ ಕಬ್ಬಿಣ ಯಾಕ ಬೇಕು? ನನ್ನ ಕೈ ಇಲ್ಲೇನು?"

ಹಸಿರು ಬಳೆಯ ಕೈಯನ್ನು ಅಂಗೈ ಅಗಲಿಸಿ ಕಮಾನುಗಳ ಪಕ್ಕ ಒತ್ತಿದರು. ಅಧ್ಯಕ್ಷರು ಒಂದು ಗಳಿಗೆ ಆಲೋಚಿಸಿ, "ಹಂಗಽ ತಗೀರಿ," ಎಂದರು. "ತಂಗಿ, ಆ ಕರಿ ಫೋಟೋ ಬಿಸಾಡ್ರಿ. ಪ್ರಬಂಧದ ಜೋಡಿ ಇದು ಹೋಗಲಿ."

ಆ ಮಾತಿನಲ್ಲಿ ತೀರ್ಪು ಬಂದುಹೋದದ್ದು ಬಾಯಾರಿಗೆ ತಿಳಿಯಲು ಸ್ವಲ್ಪ ಹೊತ್ತು ಬೇಕಾಯಿತು. ತಿಳಿದ ಮೇಲೆ ಅವರು ಬದುವಿನ ಮೇಲೆ ಹಾಗೇ ಕುಸಿದು ಕೂತರು. ಗೌಡಸಾನಿಯ ಸೊಸೆಯರು ಎಳೆಜೋಳದ ತೆನೆ ಸುಟ್ಟು ಸೀತನಿ ಉದುರಿಸಿ ತಂದಿದ್ದರು. ಬಾಯಾರು ಸುಣ್ಣದ ಕೈಯಲ್ಲೇ ಹಿಡಿ ತುಂಬಿಕೊಂಡು ತಿಂದರು, ಕಣ್ಣಿಂದ ನೀರಿಳಿಯುತ್ತಿತ್ತು, ನಗುತ್ತಲೂ ಇದ್ದರು. ಗೌಡಸಾನಿ ಅವರ ಬೆನ್ನು ಸವರಿ, "ಸುಣ್ಣ ಕಣ್ಣಿಗೆ ಹತ್ತೇತೇನ ಯವ್ವಾ?" ಎಂದು ಕೇಳಿದರು.

"ಹೂಂ ಅವ್ವಾರ. ಸುಣ್ಣಽ."

ಸಮಾರೋಪಕ್ಕೆ ತಡವಾಯಿತು. ಯಾರೂ ಗೊಣಗಲಿಲ್ಲ. ಬಸ್ಸಿನಲ್ಲಿ ಹಿಂದಿರುಗುವಾಗ ನಾನು ಕಿಟಕಿಗೆ ಒರಗಿ ಮತ್ತೆ ನನ್ನ ದೋಣಿಗೆ ಇಳಿಯುವುದರಲ್ಲಿದ್ದೆ. ಅಷ್ಟರಲ್ಲಿ ಬೆಲ್ಲದ ಎಂಜಿನಿಯರ್ ಬಂದು ಪಕ್ಕದಲ್ಲಿ ಕೂತು, ದನಿ ತಗ್ಗಿಸಿ, "ಮಾಸ್ತರ, ಖರೇ ಹೇಳ್ರಿ. ಸುಣ್ಣ ಹಚ್ಚಿ ಒರಸಿದ್ರ ಗೆರಿ ಕಾಣತಾವ ಅಂತ ನಿಮಗ ಮೊದಲ ಗೊತ್ತಿತ್ತಲ್ಲ? ಏನ್ ತಲಿ ರೀ ನಿಮ್ಮದು!" ಎಂದರು.

ಬೆಳಿಗ್ಗೆ ಅದೇ ಬಾಯಿಗಳು ನನ್ನನ್ನು ತಪ್ಪಿತಸ್ಥನೆಂದಿದ್ದವು. ಆಗ ಆಣೆಯಿಟ್ಟು ಹೇಳಿದರೂ ಯಾರೂ ನಂಬಲಿಲ್ಲ. ಇನ್ನು ಈಗ ಆಣೆಯಿಟ್ಟು ಏನು ಪ್ರಯೋಜನ? ನಾನು ಮೀಸೆ ಮೇಲೆ ಕೈಯಾಡಿಸಿ ಹೊರಗೆ ನೋಡಿದೆ. ಎಂಜಿನಿಯರ್ ಆ ಮೌನವನ್ನು ತಮಗೆ ಬೇಕಾದ ಹಾಗೆ ತಿಳಿದುಕೊಂಡು ಇಡೀ ಬಸ್ಸಿಗೆ ಹಂಚಿದರು.

ಪ್ರಬಂಧ ಅಚ್ಚಾಯಿತು. ಬಾಯಾರಿಗೆ ತಿರುಗಾಟಕ್ಕೆ ಕಾಲೇಜಿನಿಂದ ರಜೆ ಸಿಕ್ಕಿತು. ಆಮೇಲಿನ ವರ್ಷಗಳಲ್ಲಿ ಆ ಗಂಡಸರ ಬೂಟು ಕಿತ್ತೂರಿನ ಕಡೆಗೂ ಹೋಯಿತು, ಇನ್ನೂ ಆಚೆಗೂ ಹೋಯಿತು. ಸಂಪುಟದ ಪ್ರತಿ ಹಿಡಿದುಕೊಂಡು ಅವರು ಒಮ್ಮೆ ನಮ್ಮ ಮನೆಗೆ ಬಂದರು. ಫೋಟೋ ಇರುವ ಪುಟ ತೆಗೆದು ನನ್ನ ಮುಂದಿಟ್ಟರು: ಏರುವ ಬಿಳಿ ಗೆರೆಗಳು, ಪಕ್ಕದಲ್ಲಿ ಬಳೆ ತೊಟ್ಟ ಅಗಲ ಅಂಗೈ.

"ಎಲ್ಲಾರೂ ನೀವ ಮಾಡಿಸಿದ್ದು ಅಂತಾರಲ್ಲ ಮಾಸ್ತರ," ಎಂದರು. "ನೀವೂ ಇಲ್ಲ ಅನ್ನೂದಿಲ್ಲಂತ."

"ಬಾಯಾರ, ಮಾಡಲಾರದ್ದಕ್ಕ ಬೈಸಿಕೊಂಡೇನಿ. ಮಾಡಲಾರದ್ದಕ್ಕ ಹೊಗಳತಾರಂದ್ರ ಬ್ಯಾಡ ಅನ್ನಾಕ ನಾ ಏನು ಸ್ವಾಮಿಗೋಳೇನ್ರಿ?"

ಅವರು ನಕ್ಕು, ಪುಟದ ಮೇಲೆ ಬೆರಳಿಟ್ಟು, ಬುಡದಿಂದ ನೆತ್ತಿಯವರೆಗೆ ಒಮ್ಮೆ ಎಳೆದರು. ಆಮೇಲೆ ಚಹಾ ಕುಡಿಯದೆಯೇ ಎದ್ದರು. ಮುನವಳ್ಳಿ ಬಸ್ಸಿಗೆ ಹೊತ್ತಾಗಿತ್ತು. ಅಲ್ಲಿ ಹಳ್ಳದಲ್ಲಿ ಇನ್ನೊಂದು ಕಲ್ಲು ನೋಡುವುದಿತ್ತು ಅವರಿಗೆ.